ನೀರೊಳಗಿನ ದೀಪ

ಮಳೆಗಾಗಿ ಮುಗಿಲು ನೋಡುವ ಜತ್ತ ತಾಲೂಕಿನ ಶಾಲೆಯೊಂದರ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ದೋಣಿಯ ದೀಪದ ಮಾತೇಕೆ ಎಂದು ಓದುಗರು ಕೇಳಬಹುದು. ಟ್ಯಾಂಕರಿನ ಮುಂದೆ ಕೊಡವಿಟ್ಟು ಪಾಳಿ ಹಚ್ಚಿದ ನೆನಪು ನಮ್ಮಲ್ಲಿ ಬಹಳ ಮನೆಗಳಿಗೆ ಉಂಟು. ದೋಣಿಯನ್ನು ಹತ್ತಿದ ನೆನಪು ಕೆಲವರಿಗೆ ಮಾತ್ರ. ಆದರೂ ಈ ವಿಷಯವನ್ನು ಆಯ್ದುಕೊಳ್ಳಲು ಎರಡು ಕಾರಣಗಳಿವೆ.

ಮೊದಲನೆಯದು, ವಿದ್ಯೆ ಕಲಿತವನು ಊರಲ್ಲೇ ಇರುತ್ತಾನೆಂದು ಹೇಳಲು ಬರುವುದಿಲ್ಲ. ಹತ್ತನೆಯ ಇಯತ್ತೆಯ ನಂತರ ಐ.ಟಿ.ಐ. ಸೇರಿ ವಿದ್ಯುತ್ತಿನ ಕೆಲಸ ಕಲಿತ ಹುಡುಗನಿಗೆ ನಾಳೆ ಮಾಲವಣದಲ್ಲೋ ರತ್ನಾಗಿರಿಯಲ್ಲೋ ಗೋವೆಯಲ್ಲೋ ಮಲ್ಪೆಯಲ್ಲೋ ಕೆಲಸ ಸಿಕ್ಕೀತು. ಎರಡನೆಯದು, ನೀರಿನೊಳಕ್ಕೆ ವಿದ್ಯುತ್ತನ್ನು ಒಯ್ಯುವ ಕೆಲಸ ನಮಗೆ ಹೊಸದೇನೂ ಅಲ್ಲ. ಹೊಲಹೊಲದ ಬೋರಿನೊಳಗೆ ನೂರಾರು ಅಡಿ ಕೆಳಗೆ ಮುಳುಗಿರುವ ಮೋಟಾರು ಮಾಡುತ್ತಿರುವುದೂ ಅದೇ ಕೆಲಸ. ದೋಣಿಯ ದೀಪಕ್ಕೆ ಅನ್ವಯಿಸುವ ಅನೇಕ ನಿಯಮಗಳು ನಮ್ಮ ಬೋರಿನ ಮೋಟಾರಿಗೂ ಅನ್ವಯಿಸುತ್ತವೆ.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ದೀಪವನ್ನು ಕೊಳ್ಳುವ ಮೊದಲು ಅದು ಮಾಡಬೇಕಾದ ಕೆಲಸ ಯಾವುದೆಂದು ಗೊತ್ತು ಮಾಡಿಕೊಳ್ಳಬೇಕು. ಕೆಲಸ ಗೊತ್ತಾದರೆ ದೀಪದ ಬಣ್ಣ, ಶಕ್ತಿ, ಜಾಗ, ತಂತಿ ಎಲ್ಲವೂ ತಾವಾಗಿಯೇ ಗೊತ್ತಾಗುತ್ತವೆ. ದೀಪವೇ ಬೇಡವೆಂಬ ನಿರ್ಣಯವೂ ಕೆಲವು ಸಲ ಇದರಿಂದಲೇ ಬರುತ್ತದೆ.

ದೀಪ ಯಾತಕ್ಕೆ?

ದೋಣಿಯ ನೀರೊಳಗಿನ ದೀಪವೆಂದರೆ ದೋಣಿಯ ಹಿಂಬದಿಯ ಹಲಗೆಯ ಮೇಲೆ ಅಥವಾ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಕೂಡಿಸಿದ ದೀಪ. ಅದರ ಉಪಯೋಗಗಳು ನಾಲ್ಕು ವಿಧ. ಬಲೆಯ ತುಂಡು, ಹಗ್ಗ ಅಥವಾ ಪ್ಲಾಸ್ಟಿಕ್ಕು ದೋಣಿಯ ತಿರುಗುವ ಪಂಖಕ್ಕೆ ಸುತ್ತಿಕೊಂಡರೆ ರಾತ್ರಿಯಲ್ಲಿ ಅದನ್ನು ನೋಡಲು ಅನುಕೂಲವಾಗುತ್ತದೆ. ನೀರಿಗಿಳಿದ ಮುಳುಗುಗಾರನಿಗೆ ತನ್ನ ದೋಣಿ ಎಲ್ಲಿದೆ, ಹತ್ತುವ ಏಣಿ ಎಲ್ಲಿದೆ ಎಂದು ತಿಳಿಯುತ್ತದೆ. ಪ್ರವಾಸಿಗರ ದೋಣಿಗಳಲ್ಲಿ ಅದು ಅಲಂಕಾರವಾಗಿ ಉರಿಯುತ್ತದೆ. ನಾಲ್ಕನೆಯದು ಮೀನನ್ನು ಬೆಳಕಿಗೆ ಸೆಳೆದು ಬಲೆಗೆ ಕೆಡವುವುದು. ಈ ನಾಲ್ಕನೆಯ ಉಪಯೋಗದ ಬಗ್ಗೆ ಮುಂದೆ ಬೇರೆಯಾಗಿ ಹೇಳಬೇಕಾಗಿದೆ. ಏಕೆಂದರೆ ಅದಕ್ಕೆ ನಮ್ಮ ದೇಶದ ಸಮುದ್ರದಲ್ಲಿ ಅಪ್ಪಣೆ ಇಲ್ಲ.

ದೀಪವನ್ನು ನೀರಿನ ಮೇಲೆಯೇ ಕಟ್ಟಿ ಕೆಳಮುಖವಾಗಿ ಹಿಡಿದರೆ ಸಾಲದೇ? ನೆಟ್ಟಗೆ ಕೆಳಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎರಡು ಭಾಗ ಮಾತ್ರ ನೀರಿನ ಮೇಲ್ಮೈಯಿಂದ ಹಿಂದಕ್ಕೆ ಬರುತ್ತದೆ. ಆದರೆ ಓರೆಯಾಗಿ ಬಿದ್ದಷ್ಟೂ ಹಿಂದಕ್ಕೆ ಬರುವ ಭಾಗ ಹೆಚ್ಚು. ಅಲೆ ಎದ್ದಾಗ ಮೇಲ್ಮೈ ಒಂದೇ ಸಮನೆ ಇರುವುದಿಲ್ಲ. ಬೆಳಕು ಚೂರುಚೂರಾಗಿ ಕಣ್ಣಿಗೆ ಹೊಡೆಯುತ್ತದೆ, ಒಳಗಿನದು ಕಾಣಿಸುವುದಿಲ್ಲ. ದೀಪವೇ ನೀರಿನೊಳಗಿದ್ದರೆ ಈ ತೊಂದರೆ ಬಹಳ ಮಟ್ಟಿಗೆ ಇಲ್ಲವಾಗುತ್ತದೆ.

ನೀರಿನಲ್ಲಿ ಬೆಳಕಿನ ನಡೆ

ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಸಾಗಿದರೆ ನೀರಿನಲ್ಲಿ ಸುಮಾರು 2,25,000 ಕಿಲೋಮೀಟರು ಸಾಗುತ್ತದೆ. ಇದು ಒಂಬತ್ತು, ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ಗೊತ್ತಿದ್ದ ಸಂಗತಿ. ದೋಣಿಯ ದೀಪಕ್ಕೆ ಇದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿದೆ. ನೀರು ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಬಿಡುವುದಿಲ್ಲ. ಕೆಂಪನ್ನು ಬೇಗನೆ ಹೀರಿಕೊಳ್ಳುತ್ತದೆ. ಶುದ್ಧವಾದ ನೀರಿನಲ್ಲಿ ಕೆಂಪು ಬೆಳಕು 5 ಮೀಟರು ಹೋಗುವುದರೊಳಗೆ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ಅಷ್ಟೇ ದೂರದಲ್ಲಿ ನೀಲಿ ಬೆಳಕು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುತ್ತದೆ.

ಸಮುದ್ರದ ನೀಲಿ ಬಣ್ಣದ ವಿಚಾರದಲ್ಲಿ ಸರ್ ಸಿ. ವಿ. ರಾಮನ್ನರ ಹೆಸರನ್ನು ಇಲ್ಲಿ ಸ್ಮರಿಸಬೇಕು. 1921ರಲ್ಲಿ ಅವರು ಇಂಗ್ಲೆಂಡಿನಿಂದ 'ನರ್ಕುಂಡಾ' ಎಂಬ ಹಡಗಿನಲ್ಲಿ ಹಿಂತಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯನ್ನು ಕಂಡರು. ಸಮುದ್ರದ ನೀಲಿಯೆಂದರೆ ಆಕಾಶದ ಪ್ರತಿಬಿಂಬವೆಂದು ಆಗಿನ ದೊಡ್ಡ ವಿಜ್ಞಾನಿಗಳು ನಂಬಿದ್ದರು. ರಾಮನ್ನರು ತಮ್ಮ ಬಳಿಯಲ್ಲಿದ್ದ ಒಂದು ಚಿಕ್ಕ ಪಟ್ಟಕದಿಂದ ಆ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿಕೊಟ್ಟರು. ಆ ದಾರಿಯಲ್ಲಿ ಮುಂದುವರಿದು 1928ರಲ್ಲಿ ಮಾಡಿದ ಸಂಶೋಧನೆಗೆ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ದೊಡ್ಡ ಪ್ರಶ್ನೆ ಕೇಳಲು ದೊಡ್ಡ ಯಂತ್ರವೇ ಬೇಕೆಂದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ದಂಡೆಯ ಹತ್ತಿರದ ನೀರಿನ ವಿಚಾರ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಸಸ್ಯಗಳಿರುತ್ತವೆ. ಎಲೆ ಕಸ ಕೊಳೆತು ಕರಗಿದ ಹಳದಿ ಪದಾರ್ಥವೂ ಇರುತ್ತದೆ. ಇವು ನೀಲಿಯನ್ನು ಹೀರಿಬಿಡುತ್ತವೆ. ಆದ್ದರಿಂದ ದಂಡೆಯ ನೀರಿನಲ್ಲಿ ಹಸಿರು ಬೆಳಕು ಹೆಚ್ಚು ದೂರ ಹೋಗುತ್ತದೆ.

ಕೆಸರು ನೀರಿನ ಗತಿಯೇ ಬೇರೆ. ಅಲ್ಲಿ ಮಣ್ಣಿನ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ದಟ್ಟ ಮಂಜಿನಲ್ಲಿ ಮೋಟಾರಿನ ದೊಡ್ಡ ದೀಪ ಹಾಕಿದರೆ ರಸ್ತೆ ಕಾಣದೆ ಮಂಜೇ ಬೆಳ್ಳಗೆ ಕಾಣುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ದೀಪದ ಶಕ್ತಿಯನ್ನು ಇಮ್ಮಡಿ ಮಾಡಿದರೆ ಕೆಸರು ಇಮ್ಮಡಿ ಹೊಳೆಯುತ್ತದೆ. ನೋಟ ಮಾತ್ರ ಅಷ್ಟೇ ಉಳಿಯುತ್ತದೆ. ಹೆಚ್ಚು ಬೆಲೆಯ, ಹೆಚ್ಚು ಶಕ್ತಿಯ ದೀಪ ತಂದವರು ಕೆಸರು ನೀರಿನಲ್ಲಿ ನಿರಾಶರಾಗುವುದಕ್ಕೆ ಇದೇ ಕಾರಣ.

ದೀಪವನ್ನು ಆಯ್ದುಕೊಳ್ಳುವ ಬಗೆ

ಮೇಲಿನ ವಿವರಣೆಯಿಂದ ಬಣ್ಣದ ಆಯ್ಕೆ ಸುಲಭವಾಯಿತು. ಆಳವಾದ ತಿಳಿ ಸಮುದ್ರಕ್ಕೆ ನೀಲಿ, ದಂಡೆಯ ನೀರಿಗೂ ಕೆರೆಗಳಿಗೂ ಹಸಿರು. ಪಂಖಕ್ಕೆ ಸಿಕ್ಕ ಹಗ್ಗವನ್ನು ನೋಡುವುದೇ ಕೆಲಸವಾದರೆ ಬಿಳಿ. ಏಕೆಂದರೆ ಅಲ್ಲಿ ನೋಡಬೇಕಾದ ದೂರ ಒಂದೆರಡು ಮೀಟರು ಮಾತ್ರ, ವಸ್ತುವಿನ ನಿಜವಾದ ಬಣ್ಣ ತಿಳಿಯುವುದು ಮುಖ್ಯ.

ಈಗಿನ ದೀಪಗಳೆಲ್ಲ ಸಾಮಾನ್ಯವಾಗಿ ಎಲ್.ಇ.ಡಿ. ಜಾತಿಯವು. ಇವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತವೆ. ಕೊಳ್ಳುವಾಗ ವ್ಯಾಟ್ ಎಷ್ಟೆಂದು ಮಾತ್ರ ನೋಡಬಾರದು. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತು. ಲ್ಯುಮೆನ್ ಎಂದರೆ ಅದು ಕೊಡುವ ಬೆಳಕು. ತಿನ್ನುವುದು ಎಷ್ಟು, ದುಡಿಯುವುದು ಎಷ್ಟು ಎಂದು ಎತ್ತನ್ನು ಕೊಳ್ಳುವ ರೈತ ನೋಡುವಂತೆ ಎರಡನ್ನೂ ನೋಡಬೇಕು.

ದೀಪದ ಮೇಲೆ 'ಐ.ಪಿ.' ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳನ್ನು ತಡೆಯುವ ಶಕ್ತಿಯನ್ನೂ ಎರಡನೆಯದು ನೀರನ್ನು ತಡೆಯುವ ಶಕ್ತಿಯನ್ನೂ ಸೂಚಿಸುತ್ತದೆ. 65 ಎಂದಿದ್ದರೆ ನೀರು ಚಿಮ್ಮಿದರೆ ತಡೆದುಕೊಳ್ಳುತ್ತದೆ, ಮುಳುಗಿದರೆ ಇಲ್ಲ. 67 ಎಂದಿದ್ದರೆ ಒಂದು ಮೀಟರು ಆಳದಲ್ಲಿ ಅರ್ಧ ತಾಸು ತಡೆಯುತ್ತದೆ. ಯಾವಾಗಲೂ ಮುಳುಗಿರಬೇಕಾದ ದೀಪಕ್ಕೆ 68 ಬೇಕು. ಅದರಲ್ಲಿಯೂ ಎಷ್ಟು ಆಳದವರೆಗೆ ಎಂಬುದನ್ನು ತಯಾರಕರು ಬರೆದಿರುತ್ತಾರೆ, ಓದಿ ನೋಡಬೇಕು.

ದೀಪದ ಕವಚ ಯಾವ ಲೋಹದ್ದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಗುಲಿ ಉಪ್ಪುನೀರಿನಲ್ಲಿ ಮುಳುಗಿದರೆ ಅಲ್ಲಿ ಒಂದು ವಿದ್ಯುತ್ಕೋಶವೇ ಆಗುತ್ತದೆ. ಪ್ರಯೋಗಶಾಲೆಯಲ್ಲಿ ನೀವು ನೋಡಿದ ವೋಲ್ಟಾನ ಕೋಶದ ತತ್ತ್ವವೇ ಇದು. ಕೋಶದಲ್ಲಿ ಸತುವು ಸವೆಯುವಂತೆ ಇಲ್ಲಿಯೂ ಎರಡರಲ್ಲಿ ಒಂದು ಲೋಹ ಸವೆಯುತ್ತದೆ. ಅಲ್ಯುಮಿನಿಯಂ ದೋಣಿಗೆ ಕಂಚಿನ ದೀಪವನ್ನು ನೇರವಾಗಿ ಕೂಡಿಸಿದರೆ ದೀಪಕ್ಕೇನೂ ಆಗದು, ದೋಣಿಯೇ ಸವೆಯುತ್ತದೆ. ಆದ್ದರಿಂದ ಅಂಥ ದೋಣಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚದ ದೀಪ ಒಳ್ಳೆಯದು. ಫೈಬರಿನ ದೋಣಿಗೂ ಕಟ್ಟಿಗೆಯ ದೋಣಿಗೂ ಕಂಚು ಹೊಂದುತ್ತದೆ. ಲೋಹದ ಭಾಗಗಳನ್ನು ಕಾಪಾಡಲು ಬೇಕೆಂದೇ ಸತುವಿನ ತುಂಡೊಂದನ್ನು ದೋಣಿಗೆ ಕಟ್ಟಿರುತ್ತಾರೆ. ಅದು ತಾನು ಸವೆದು ಉಳಿದವುಗಳನ್ನು ಕಾಯುತ್ತದೆ. ಅದಕ್ಕೆ ಎಂದಿಗೂ ಬಣ್ಣ ಬಳಿಯಬಾರದು.

ದೀಪ ಕೂಡಿಸುವ ಬಗೆ

ದೀಪಗಳಲ್ಲಿ ಎರಡು ಬಗೆಯಿವೆ. ದೋಣಿಯ ಮೈಗೆ ದೊಡ್ಡ ತೂತು ಕೊರೆದು ಅದರೊಳಗಿಂದ ತೂರಿಸಿ ಕೂಡಿಸುವುದು ಒಂದು. ಹೊರಮೈಗೆ ಸಣ್ಣ ತಿರುಪುಗಳಿಂದ ಅಂಟಿಸಿ, ತಂತಿಯನ್ನು ಮೇಲಕ್ಕೆ ಒಯ್ದು ನೀರಿನ ಮಟ್ಟದ ಮೇಲೆ ಒಳಕ್ಕೆ ತರುವುದು ಇನ್ನೊಂದು. ಮೊದಲನೆಯ ಬಗೆಯಲ್ಲಿ ದೀಪ ನೋಡಲು ಚೆಂದ, ಕೆಲವು ದೀಪಗಳನ್ನು ಒಳಗಿನಿಂದಲೇ ದುರಸ್ತಿ ಮಾಡಲೂಬಹುದು. ಆದರೆ ನೀರಿನ ಮಟ್ಟದ ಕೆಳಗೆ ತೂತು ಎಂದರೆ ಏನೆಂದು ಒಂದು ಲೆಕ್ಕದಿಂದ ತಿಳಿಯೋಣ.

ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರು ಕೆಳಗೆ 20 ಮಿಲಿಮೀಟರು ಅಗಲದ ತೂತು ಇದೆಯೆಂದು ಇಟ್ಟುಕೊಳ್ಳಿ. ಟಾರಿಚೆಲ್ಲಿಯ ನಿಯಮದಂತೆ ಅಲ್ಲಿ ನೀರು ಸೆಕೆಂಡಿಗೆ ಸುಮಾರು 2.4 ಮೀಟರು ವೇಗದಿಂದ ಒಳನುಗ್ಗುತ್ತದೆ. ತೂತಿನ ಅಂಚಿನಲ್ಲಿ ಧಾರೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದರೂ ನಿಮಿಷಕ್ಕೆ ಸುಮಾರು 28 ಲೀಟರು ನೀರು ಬರುತ್ತದೆ. ಎಂದರೆ ನಿಮಿಷಕ್ಕೆ ಎರಡು ಕೊಡ! ಟ್ಯಾಂಕರಿನ ಮುಂದೆ ಎರಡು ಕೊಡದ ಬೆಲೆ ಬಲ್ಲ ನಮಗೆ ಈ ಲೆಕ್ಕ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಒಂದು ತಾಸಿನಲ್ಲಿ ದೋಣಿಯೊಳಗೆ ಒಂದೂವರೆ ಟನ್ನಿಗೂ ಹೆಚ್ಚು ಭಾರ ಸೇರುತ್ತದೆ. ಅಂಗುಲಕ್ಕಿಂತ ಚಿಕ್ಕದಾದ ತೂತು ಸಣ್ಣ ದೋಣಿಯನ್ನು ಮುಳುಗಿಸಲು ಸಾಕು.

ಆದುದರಿಂದ ಸಣ್ಣ ದೋಣಿಗೆ ಎರಡನೆಯ ಬಗೆಯೇ ಕ್ಷೇಮ. ಯಾವ ಬಗೆಯಾದರೂ ಕೆಲಸವನ್ನು ದೋಣಿ ದಂಡೆಯ ಮೇಲೆ ಇರುವಾಗಲೇ ಮಾಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲವೂ ಅದು, ಸಮುದ್ರ ಕೆರಳಿರುವ ಕಾಲವೂ ಅದು. ದೋಣಿಗಳ ದುರಸ್ತಿ, ಬಣ್ಣ, ಬಲೆಯ ಹೆಣಿಗೆ ಎಲ್ಲ ಆಗ ನಡೆಯುತ್ತವೆ. ಇಂಥ ಕೆಲಸಕ್ಕೂ ಅದೇ ಹೊತ್ತು.

ಕೂಡಿಸುವ ಕ್ರಮ ಹೀಗಿದೆ. ಮೊದಲು, ದೋಣಿ ಪೂರ್ತಿ ಭಾರ ಹೊತ್ತಾಗಲೂ ಖಾಲಿ ಇದ್ದಾಗಲೂ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ಖಾಲಿ ಇದ್ದಾಗಿನ ಗುರುತಿಗಿಂತ ಒಂದು ಗೇಣು ಕೆಳಗೆ ದೀಪದ ಜಾಗ. ಇನ್ನೂ ಮೇಲಿದ್ದರೆ ಅಲೆಯಲ್ಲಿ ದೀಪ ನೀರಿನಿಂದ ಹೊರಗೆ ಬರುತ್ತದೆ. ನೀರಿನ ತಂಪಿನಲ್ಲಿಯೇ ಕೆಲಸ ಮಾಡುವಂತೆ ಇವುಗಳ ರಚನೆ ಇರುವುದರಿಂದ ಗಾಳಿಯಲ್ಲಿ ಬಹಳ ಹೊತ್ತು ಉರಿದರೆ ಕಾಯ್ದು ಕೆಡುತ್ತವೆ. ದಂಡೆಯ ಮೇಲೆ ಪರೀಕ್ಷೆ ಮಾಡುವಾಗಲೂ ಕೆಲವೇ ಸೆಕೆಂಡು ಹಚ್ಚಬೇಕು.

ಎರಡನೆಯದಾಗಿ, ದೀಪ ಪಂಖದ ನೇರ ಮುಂದೆ ಇರಬಾರದು. ಅದರ ಉಬ್ಬಿನಿಂದ ಎದ್ದ ಗುಳ್ಳೆಗಳು ಪಂಖಕ್ಕೆ ತಗುಲಿ ಅದರ ಹಿಡಿತ ತಪ್ಪುತ್ತದೆ. ಇಂಜಿನ್ನನ್ನು ತಂಪು ಮಾಡುವ ನೀರು ಒಳಬರುವ ಬಾಯಿಯ ಹತ್ತಿರವೂ, ಆಳ ಅಳೆಯುವ ಸಾಧನದ ಹತ್ತಿರವೂ ಇರಬಾರದು. ಮೂರನೆಯದಾಗಿ, ಕೊರೆಯುವ ಮೊದಲು ಒಳಗೆ ಇಣುಕಿ ನೋಡಬೇಕು. ಆಚೆ ಬದಿಗೆ ಎಣ್ಣೆಯ ಟಾಕಿಯೋ ತಂತಿಯೋ ಇರಬಹುದು. ನಾಲ್ಕನೆಯದಾಗಿ, ಕಟ್ಟಿಗೆಯ ದೋಣಿಯಾದರೆ ತೂತಿನ ಒಳ ಅಂಚಿಗೆ ಎಪಾಕ್ಸಿ ಬಳಿದು ಒಣಗಿಸಬೇಕು. ಇಲ್ಲವಾದರೆ ಕಟ್ಟಿಗೆ ನೀರು ಕುಡಿದು ಒಳಗೊಳಗೇ ಕೊಳೆಯುತ್ತದೆ.

ಐದನೆಯದಾಗಿ, ಮೈಯನ್ನು ಸ್ವಚ್ಛವಾಗಿ ಒರೆಸಿ, ನೀರಿನ ಕೆಳಗಿನ ಉಪಯೋಗಕ್ಕೆಂದೇ ಮಾಡಿದ ಅಂಟುಮೇಣವನ್ನು ದೀಪದ ಹಿಂಬದಿಗೂ ಪ್ರತಿಯೊಂದು ತಿರುಪಿಗೂ ಹಚ್ಚಿ ಕೂಡಿಸಬೇಕು. ತಿರುಪನ್ನು ಒಮ್ಮೆಲೇ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ. ಹದವಾಗಿ ಬಿಗಿದು, ಡಬ್ಬಿಯ ಮೇಲೆ ಬರೆದಷ್ಟು ಕಾಲ ಒಣಗಲು ಬಿಡಬೇಕು. ಕೊನೆಯದಾಗಿ, ದೋಣಿಯನ್ನು ನೀರಿಗಿಳಿಸಿದ ಕೂಡಲೇ ಒಳಗಡೆ ಕೈಯಾಡಿಸಿ ತೇವ ಇದೆಯೇ ನೋಡಬೇಕು. ಮರುದಿವಸ ಇನ್ನೊಮ್ಮೆ ನೋಡಬೇಕು. ಆಮೇಲೆಯೇ ದೂರದ ಪ್ರಯಾಣ.

ಕೂಡಿಸಿದ ನಂತರವೂ ಆರೈಕೆ ತಪ್ಪದು. ಸಮುದ್ರದಲ್ಲಿ ಮುಳುಗಿದ ಗಾಜಿನ ಮೇಲೆ ಪಾಚಿಯೂ ಚಿಪ್ಪಿನ ಜೀವಿಗಳೂ ಬಂದು ಕೂಡುತ್ತವೆ. ಅವುಗಳನ್ನು ಮೇಲಿಂದ ಮೇಲೆ ಮೃದುವಾಗಿ ಉಜ್ಜಿ ತೆಗೆಯದಿದ್ದರೆ ದೀಪ ಉರಿದರೂ ಬೆಳಕು ಹೊರಗೆ ಬಾರದು.

ತಂತಿ, ಬ್ಯಾಟರಿ, ಫ್ಯೂಜು

ಸಣ್ಣ ದೋಣಿಯ ವಿದ್ಯುತ್ತು ಸಾಮಾನ್ಯವಾಗಿ 12 ವೋಲ್ಟಿನದು, ದೊಡ್ಡ ದೋಣಿಯದು 24 ವೋಲ್ಟಿನದು. ತಲಾ 30 ವ್ಯಾಟಿನ ಎರಡು ದೀಪಗಳಿದ್ದರೆ ಒಟ್ಟು 60 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ 5 ಆಂಪಿಯರು ಪ್ರವಾಹ. ಬ್ಯಾಟರಿ 100 ಆಂಪಿಯರ್-ತಾಸಿನದಾದರೆ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂಬ ನಿಯಮ ಹಿಡಿದು, ಹತ್ತು ತಾಸು ದೀಪ ಉರಿಸಬಹುದು. ಆದರೆ ಅದೇ ಬ್ಯಾಟರಿಯಿಂದ ಇಂಜಿನ್ನನ್ನು ಚಾಲೂ ಮಾಡಬೇಕಾಗಿದ್ದರೆ ಅಷ್ಟು ಹೊತ್ತು ಉರಿಸುವುದು ಜಾಣತನವಲ್ಲ. ನಡುನೀರಿನಲ್ಲಿ ಇಂಜಿನ್ನು ಎದ್ದೇಳದಿದ್ದರೆ ದೀಪದ ಚೆಲುವು ಏನೂ ಉಪಯೋಗಕ್ಕೆ ಬಾರದು.

ತಂತಿಯ ದಪ್ಪದ ಲೆಕ್ಕವನ್ನು ನೋಡೋಣ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.018 ಓಮ್ ರೋಧವಿದೆ. ಬ್ಯಾಟರಿಯಿಂದ ದೀಪಕ್ಕೆ 6 ಮೀಟರು ದೂರವಿದ್ದರೆ ಹೋಗಿ ಬರುವ ದಾರಿ 12 ಮೀಟರು. 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ರೋಧ 0.144 ಓಮ್, 5 ಆಂಪಿಯರಿಗೆ 0.72 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅದು 12ರಲ್ಲಿ ನೂರಕ್ಕೆ 6ರಷ್ಟು. 4 ಚದರ ಮಿಲಿಮೀಟರಿನ ತಂತಿ ಹಾಕಿದರೆ 0.27 ವೋಲ್ಟ್ ಮಾತ್ರ ಹೋಗುತ್ತದೆ, ಅಂದರೆ ನೂರಕ್ಕೆ ಎರಡೂಕಾಲು. ಮನೆಯ 230 ವೋಲ್ಟಿನಲ್ಲಿ ಮುಕ್ಕಾಲು ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. ಬಡವನ ರೂಪಾಯಿಗೂ ಸಾಹುಕಾರನ ರೂಪಾಯಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಫ್ಯೂಜು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಜು ದೀಪವನ್ನು ಕಾಯುವುದಕ್ಕೆಂದು ಬಹಳ ಮಂದಿ ತಿಳಿಯುತ್ತಾರೆ. ನಿಜವಾಗಿ ಅದು ಕಾಯುವುದು ತಂತಿಯನ್ನು. ಫ್ಯೂಜಿಗೂ ಬ್ಯಾಟರಿಗೂ ನಡುವಿನ ತಂತಿ ಎಲ್ಲಿಯಾದರೂ ಸವೆದು ತಗುಲಿಕೊಂಡರೆ ಅಲ್ಲಿ ಹತ್ತುವ ಬೆಂಕಿಯನ್ನು ತಡೆಯುವವರು ಯಾರೂ ಇಲ್ಲ. ನಮ್ಮ ಉದಾಹರಣೆಯ 5 ಆಂಪಿಯರಿಗೆ 7.5 ಆಂಪಿಯರಿನ ಫ್ಯೂಜು ಸರಿಯಾದದ್ದು. ಅದು ಸುಟ್ಟಾಗ ಅದರ ಬದಲು ತಂತಿಯ ಎಳೆ ಸುತ್ತುವ ಚಾಳಿ ನಮ್ಮಲ್ಲಿ ಉಂಟು. ದೋಣಿಯಲ್ಲಿ ಅದು ಪ್ರಾಣಕ್ಕೆ ಎರವು.

ತಂತಿಯ ಜೋಡಣೆಗಳು ದೋಣಿಯ ತಳದಲ್ಲಿ ನಿಲ್ಲುವ ನೀರಿಗೆ ತಾಗದಂತೆ ಎತ್ತರದಲ್ಲಿರಬೇಕು. ಬೋರಿನ ಮೋಟಾರು ಇಳಿಸುವಾಗ ಕೇಬಲ್ಲಿನ ಜೋಡಣೆಗೆ ಮಿಸ್ತ್ರಿ ಎಷ್ಟು ಪಟ್ಟಿ ಸುತ್ತುತ್ತಾನೆಂದು ನೀವು ನೋಡಿದ್ದೀರಿ. ಮೋಟಾರು ಕೆಡುವುದಕ್ಕಿಂತ ಜೋಡಣೆಯಲ್ಲಿ ನೀರು ಸೇರುವ ಭಯ ಅವನಿಗೆ ಹೆಚ್ಚು. ದೋಣಿಯಲ್ಲಿ ಉಪ್ಪುನೀರು ಇರುವುದರಿಂದ ಆ ಭಯ ಇನ್ನೂ ಹೆಚ್ಚಿರಬೇಕು. ಅಲ್ಲಿ ತವರದ ಲೇಪವಿರುವ ತಾಮ್ರದ ತಂತಿಯನ್ನೇ ಉಪಯೋಗಿಸುವುದು ರೂಢಿ.

ಕೆಂಪು, ಹಸಿರು, ಬಿಳಿ

ರಾತ್ರಿಯ ನೀರಿನಲ್ಲಿ ದೀಪವೆಂದರೆ ಭಾಷೆ. ರಸ್ತೆಯಲ್ಲಿ ಎಡಬಲದ ನಿಯಮವಿರುವಂತೆ ಸಮುದ್ರದಲ್ಲಿಯೂ ಇದೆ. 1972ರಲ್ಲಿ ರಚಿತವಾಗಿ 1977ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳಂತೆ ಯಂತ್ರದಿಂದ ನಡೆಯುವ ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ದೀಪ ಕಾಣಬೇಕು. ಮುಂದೆ ಎತ್ತರದಲ್ಲಿ ಇನ್ನೊಂದು ಬಿಳಿ. ಎದುರಿನವನು ಈ ಬಣ್ಣಗಳನ್ನು ನೋಡಿಯೇ ಆ ದೋಣಿ ಯಾವ ಕಡೆಗೆ ಹೊರಟಿದೆ, ತಾನು ದಾರಿ ಬಿಡಬೇಕೇ ಎಂದು ತಿಳಿಯುತ್ತಾನೆ.

ಈ ದೀಪಗಳೆಂದು ತಪ್ಪಾಗಿ ತಿಳಿಯುವಂಥ, ಅಥವಾ ಇವು ಕಾಣದಂತೆ ಮಾಡುವಂಥ ಬೇರೆ ದೀಪ ಹಚ್ಚಬಾರದೆಂದು ಅದೇ ನಿಯಮಗಳು ಹೇಳುತ್ತವೆ. ದೋಣಿಯ ಎಡಬದಿಯ ನೀರಿನಲ್ಲಿ ಹಸಿರು ದೀಪ ಉರಿದರೆ ದೂರದಿಂದ ನೋಡಿದವನಿಗೆ ಎಡ ಬಲವಾಗುತ್ತದೆ. ಅಂಥ ತಪ್ಪು ಓದಿನ ಫಲ ಡಿಕ್ಕಿ. ಮಿಣುಕುವ ನೀಲಿ ದೀಪವೂ ಬೇಡ. ಹಲವು ದೇಶಗಳಲ್ಲಿ ಅದು ಪೋಲೀಸರ ದೋಣಿಯ ಗುರುತು. ಆದ್ದರಿಂದ ದೋಣಿ ನಡೆಯುತ್ತಿರುವಾಗ ನೀರೊಳಗಿನ ದೀಪ ಆರಿರಬೇಕು, ಲಂಗರು ಹಾಕಿ ನಿಂತಾಗ ಮಾತ್ರ ಹಚ್ಚಬೇಕು ಎಂಬುದು ಒಳ್ಳೆಯ ರೂಢಿ.

ಬೆಳಕಿನ ಬಲೆ

ಈಗ ನಾಲ್ಕನೆಯ ಉಪಯೋಗದ ಮಾತು. ಬೆಳಕಿಗೆ ಮೀನು ಬರುತ್ತದೆಂಬುದು ಮನುಷ್ಯನಿಗೆ ಬಹಳ ಹಿಂದಿನಿಂದ ಗೊತ್ತು. ದೊಂದಿ, ಸೀಮೆಎಣ್ಣೆಯ ದೀಪಗಳ ಕಾಲದಲ್ಲಿ ಅದು ಸಣ್ಣ ಪ್ರಮಾಣದಲ್ಲಿತ್ತು. ಬೆಳಕಿನ ಸುತ್ತ ಸೂಕ್ಷ್ಮ ಜೀವಿಗಳು ಸೇರುತ್ತವೆ. ಅವನ್ನು ತಿನ್ನಲು ಮರಿಮೀನು ಬರುತ್ತದೆ. ಅದನ್ನು ತಿನ್ನಲು ದೊಡ್ಡ ಮೀನು ಬರುತ್ತದೆ. ಎಲ್.ಇ.ಡಿ. ಬಂದ ಮೇಲೆ ದೊಡ್ಡ ದೋಣಿಗಳು ಜನರೇಟರಿನ ಬಲದಿಂದ ಸಮುದ್ರದಲ್ಲಿ ರಾತ್ರಿಯನ್ನು ಹಗಲು ಮಾಡಿ, ಸುತ್ತಲಿನ ಮೀನನ್ನು ಮರಿಸಹಿತ ಬಾಚಲು ಸಾಧ್ಯವಾಯಿತು. ನಾಡದೋಣಿಯ ಬಡ ಮೀನುಗಾರನಿಗೆ ಉಳಿಯುವುದೇನು? ಬರುವ ವರ್ಷ ಮೊಟ್ಟೆಯಿಡಬೇಕಾದ ಮೀನು ಎಲ್ಲಿಂದ ಬರಬೇಕು? ಕರಾವಳಿಯಲ್ಲಿ ಇದಕ್ಕಾಗಿ ಜಗಳಗಳಾದವು, ಮನವಿಗಳಾದವು.

2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ದೇಶದ ವಿಶೇಷ ಆರ್ಥಿಕ ವಲಯದಲ್ಲಿ, ಎಂದರೆ ದಂಡೆಯಿಂದ 200 ಸಾಗರ ಮೈಲಿಯವರೆಗೆ ಚಾಚಿದ ಸಮುದ್ರದಲ್ಲಿ, ಎಲ್.ಇ.ಡಿ. ಮುಂತಾದ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ದಂಡೆಯಿಂದ 12 ಸಾಗರ ಮೈಲಿಯವರೆಗಿನ ನೀರಿನ ಮೀನುಗಾರಿಕೆ ರಾಜ್ಯಗಳ ಅಧಿಕಾರದಲ್ಲಿದೆ. ಕರ್ನಾಟಕದಲ್ಲಿ ಅದಕ್ಕೆ 1986ರ ಕಾಯಿದೆ, ನಮ್ಮ ಮಹಾರಾಷ್ಟ್ರದಲ್ಲಿ 1981ರ ಕಾಯಿದೆ ಇವೆ. ಮಹಾರಾಷ್ಟ್ರದ ಕಾಯಿದೆಯನ್ನು 2021ರಲ್ಲಿ ತಿದ್ದುಪಡಿ ಮಾಡಿ ದಂಡವನ್ನು ಬಹಳ ಹೆಚ್ಚಿಸಲಾಯಿತು. ಆದುದರಿಂದ ಮೀನುಗಾರಿಕೆಯ ದೋಣಿಗೆ ನೀರೊಳಗಿನ ದೀಪ ಕೂಡಿಸಿಕೊಡು ಎಂದು ಯಾರಾದರೂ ಕೇಳಿದರೆ, ಕೆಲಸಗಾರನು ಮೊದಲು ಕೇಳಬೇಕಾದ ಪ್ರಶ್ನೆ 'ಯಾತಕ್ಕೆ?' ಎಂಬುದು. ಪಂಖ ನೋಡಲು ಒಂದು ಸಣ್ಣ ದೀಪ ಬೇರೆ, ಮೀನು ಸೆಳೆಯಲು ಸಾಲುದೀಪ ಬೇರೆ. ಕೂಲಿ ಕೊಟ್ಟರೂ ಎರಡನೆಯದು ಬೇಡವೆನ್ನುವ ಧೈರ್ಯ ಕೆಲಸದ ಒಂದು ಭಾಗವೇ.

ಕನ್ನಡದಲ್ಲಿ 'ಆರಿಸು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಆಯ್ದುಕೊಳ್ಳುವುದು ಒಂದು, ನಂದಿಸುವುದು ಇನ್ನೊಂದು. ದೀಪವನ್ನು ಆರಿಸಲು ಹೊರಟವನಿಗೆ ಎರಡೂ ಅರ್ಥಗಳು ತಿಳಿದಿರಬೇಕು.

ನಮ್ಮ ಹೊಳೆ, ನಮ್ಮ ಬಾವಿ

ನಮ್ಮ ಜಿಲ್ಲೆಯಲ್ಲಿ ದೋಣಿ ಬೇಕಾಗುವುದು ಕೃಷ್ಣೆ ತುಂಬಿ ಬಂದಾಗ. 2005ರಲ್ಲಿಯೂ 2019ರಲ್ಲಿಯೂ ಸಾಂಗಲಿಯ ಓಣಿಗಳಲ್ಲಿ ದೋಣಿ ನಡೆಯಿತು. ಆ ಮಹಾಪೂರದ ನೀರಿನಲ್ಲಿ ನೀರೊಳಗಿನ ದೀಪದಿಂದ ಏನು ಪ್ರಯೋಜನ? ಏನೂ ಇಲ್ಲ. ಕೆಸರಿನ ನೀರಿನಲ್ಲಿ ಬೆಳಕಿನ ಗತಿ ಏನಾಗುತ್ತದೆಂದು ಮೇಲೆ ನೋಡಿದ್ದೇವೆ. ರಕ್ಷಣಾ ದೋಣಿಗಳು ಬಹುತೇಕ ಗಾಳಿ ತುಂಬಿದ ರಬ್ಬರಿನವು, ಅವುಗಳಿಗೆ ತೂತು ಕೊರೆಯುವ ಮಾತೇ ಇಲ್ಲ. ಅಲ್ಲಿ ಬೇಕಾದುದು ಮೇಲೆ ಹಿಡಿಯುವ ದೊಡ್ಡ ಬ್ಯಾಟರಿ, ಪ್ರತಿಯೊಬ್ಬನ ಮೈಮೇಲೆ ಜೀವರಕ್ಷಕ ಅಂಗಿ, ದೋಣಿಗೆ ತಕ್ಕಷ್ಟೇ ಜನ. 2019ರ ಆಗಸ್ಟ್ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಪೂರದಿಂದ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಅನೇಕರು ಪ್ರಾಣ ಕಳೆದುಕೊಂಡರು. ಅದು ಹಗಲಿನಲ್ಲಿಯೇ ನಡೆದ ದುರ್ಘಟನೆ. ದೀಪಕ್ಕಿಂತ ಮೊದಲು ಬೇಕಾದವು ಬೇರೆ ಇವೆ ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಡ.

ಇನ್ನು ಬಾವಿಯ ಮಾತು. ಪಂಪು ಕೆಟ್ಟಾಗಲೋ ಬಿಂದಿಗೆ ಬಿದ್ದಾಗಲೋ ಮನೆಯ ತಂತಿಗೆ ಬಲ್ಬು ಕಟ್ಟಿ ಬಾವಿಯೊಳಗೆ ಇಳಿಬಿಡುವುದನ್ನು ಕೆಲವು ಕಡೆ ನೋಡುತ್ತೇವೆ. ಇದು ಸಾವಿನ ಆಟ. ಒಣ ಕೈಗಿಂತ ಒದ್ದೆ ಮೈಯಲ್ಲಿ ವಿದ್ಯುತ್ತು ಬಹಳ ಸುಲಭವಾಗಿ ಹರಿಯುತ್ತದೆ. ಸಣ್ಣ ದೋಣಿಯವರು ನೀರಿನ ದೀಪಕ್ಕೆ 230 ವೋಲ್ಟನ್ನು ಬಿಟ್ಟು 12 ವೋಲ್ಟಿನಲ್ಲಿ ಕೆಲಸ ಸಾಗಿಸುವಾಗ, ನಾವು ಬಾವಿಯಲ್ಲಿ ಆ 230 ವೋಲ್ಟಿನ ಹಂಗಿಗೆ ಏಕೆ ಬೀಳಬೇಕು? ಟ್ರ್ಯಾಕ್ಟರಿನ ಬ್ಯಾಟರಿಯಿಂದ 12 ವೋಲ್ಟಿನ ದೀಪ ಹಚ್ಚಬಹುದು. ಕೈಬ್ಯಾಟರಿಯಂತೂ ಎಲ್ಲರ ಮನೆಯಲ್ಲಿ ಇದೆ. ಬಾವಿಗೆ ಇಳಿಯುವ ಮೊದಲು ಮೋಟಾರಿನ ಮೇನ್ ಸ್ವಿಚ್ಚನ್ನು ತೆಗೆದು, ಯಾರೂ ಮತ್ತೆ ಹಾಕದಂತೆ ಅಲ್ಲಿ ಒಬ್ಬರನ್ನು ನಿಲ್ಲಿಸಬೇಕು. ಮನೆಯ ವಿದ್ಯುತ್ತಿಗೆ 30 ಮಿಲಿ ಆಂಪಿಯರು ಸೋರಿದರೂ ತಾನಾಗಿ ಬಿದ್ದು ಪ್ರವಾಹವನ್ನು ತಡೆಯುವ ಆರ್.ಸಿ.ಸಿ.ಬಿ. ಎಂಬ ಸಾಧನ ಹಾಕಿಸಬೇಕು. ಭೂಮಿಯ ತಂತಿಯನ್ನು ಸರಿಯಾಗಿ ಇಟ್ಟುಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ದೋಣಿಯನ್ನು ನೋಡದವರಿಗೂ ಈ ಪಾಠ ಉಪಯೋಗಕ್ಕೆ ಬರುತ್ತದೆ. ಲೆಕ್ಕ ಬಂದರೆ ತಂತಿಯ ದಪ್ಪ ಗೊತ್ತಾಗುತ್ತದೆ, ವಿಜ್ಞಾನ ಬಂದರೆ ಲೋಹ, ಬಣ್ಣ ಗೊತ್ತಾಗುತ್ತವೆ, ಕಾಯಿದೆ ತಿಳಿದರೆ ಮಾಡಬಾರದ್ದು ಯಾವುದೆಂದು ಗೊತ್ತಾಗುತ್ತದೆ. ನಿಮ್ಮ ಮನೆಯ ಬೋರಿನ ಪೆಟ್ಟಿಗೆಯಲ್ಲಿ ಫ್ಯೂಜಿನ ಜಾಗದಲ್ಲಿ ತಂತಿಯ ಎಳೆ ಸುತ್ತಿದೆಯೇ ಎಂದು ಈ ರಜೆಯಲ್ಲಿ ಹಿರಿಯರನ್ನು ಕೇಳಿ. ಸುತ್ತಿದ್ದರೆ ನೀವು ಕೈ ಹಚ್ಚಬೇಡಿ. ಬಲ್ಲ ಮಿಸ್ತ್ರಿಯನ್ನು ಕರೆಯಿಸಿ ಸರಿಪಡಿಸಲು ಹೇಳಿ.